ಕೌಶಲ್ಯ: ಇತರೆ

ಹುಡುಗ ಬಂದಾನ, ಕೈಯಾಗ ಟ್ಯಾಬ್ಲೆಟ್ಟು,
ಕೊರಳಾಗ ಗುರುತಿನ ಕಾರ್ಡು, ಬೂಟಿಗಿ ಕಲಬುರಗಿ ಎರಿಮಣ್ಣು.
ಹೆಸರು ಕೇಳ್ದ. ಜಗದೇವಿ.
ವಯಸ್ಸು ಕೇಳ್ದ.
ಕಿಲ್ಲಾರಿ ಭೂಕಂಪ ಆದ ವರ್ಷ ನಾ ದೊಡ್ಡಾಕಿ ಆದೆ,
ಲೆಕ್ಕ ನೀನೇ ಹಾಕ್ಕೋಪಾ ಅಂದೆ.
ಅವನ ಕಿವಿ ಕೆಂಪಾದವು. ನೋಡಿದೆ:
ಹನ್ನೆರಡನೇ ನಂಬರಿನ ಗುಲಾಬಿ, ಒಂದು ಕೂದಲೆಳಿ ಹೆಚ್ಚು.

ಮುಂದಿನ ಖಾನೆ, ಕೌಶಲ್ಯ.
"ಅಂದ್ರ?"
"ಅಂದ್ರ ನಿಮಗ ಏನು ಬರ್ತದ, ಅಕ್ಕೋರೆ."
ಪಾಳಿಯೊಳಗ ನನ್ನ ಹಿಂದ ಚಾಂದಬಿ, ತಿಪ್ಪವ್ವ,
ಬಾಯ್ಲರ್ ಗುಂಡಪ್ಪ, ಒಟ್ಟು ಅರವತ್ನಾಲ್ಕು ಮಂದಿ.
ಹೊಸ ಮಷೀನಿಗಿ ಬೇಕಾದವರು ಹನ್ನೊಂದು.
ಅದು ಹಳ್ಳಕ್ಕ ಉಗುಳೋದಿಲ್ಲಂತ,
ತನ್ನ ಎಂಜಲು ತಾನೇ ತೊಳಕೊಂಡು ಮತ್ತ ಕುಡೀತದಂತ.
ಶಾಣ್ಯಾ ಮಷೀನು.

ನಾ ಬ್ಯಾಡ ಅನ್ನಾಕಿ ಅಲ್ಲ.
ಆ ಹಳ್ಳ ನನಗ ಗೊತ್ತದ.
ಸೋಮವಾರ ನೀಲಿ ಹರಿದ್ರ ಸಾಲಿ ಯೂನಿಫಾರಂ ಆರ್ಡರು,
ಶ್ರಾವಣಕ್ಕ ಹಸಿರು,
ಚುನಾವಣಿಗಿ ಎಲ್ಲಾ ಬಣ್ಣ ಕೂಡಿ ಕರಿ.
ಕೆಳಗಿನ ಹೊಲದ ಈರಣ್ಣನ ಎಮ್ಮಿ
ಒಂದು ಸರ್ತಿ ಹೊಟ್ಟಿತನ ಕೇಸರಿ ಆಗಿ ಮನಿಗಿ ಹೋದಾಗ
ಓಣಿಯೆಲ್ಲಾ ನಕ್ಕಿತು. ಆ ಎಮ್ಮಿ
ಮುಂದ ಗಬ್ಬ ಕಟ್ಟಲಿಲ್ಲ. ಆಗ ಯಾರೂ ನಗಲಿಲ್ಲ.
ನಮ್ಮ ಬೋರಿನ ನೀರಿನಾಗ ಬ್ಯಾಳಿ ಬೇಯೋದಿಲ್ಲ.
ತೊಗರಿ ನಾಡಿನಾಗ ಬ್ಯಾಳಿ ಬೇಯೋದಿಲ್ಲ ಅಂದ್ರ
ಯಾರಿಗಿ ಹೇಳೋದು.

ಕೌಶಲ್ಯ ಅಂತ ಕೇಳ್ದಿ.
ಉಪ್ಪು ಎಷ್ಟು ಬಿದ್ದದ ಅಂತ ಉಗಿ ಮೂಸಿ ಹೇಳ್ತೀನಿ.
ಹಸಿ ಬಟ್ಟಿ ನೋಡಿ ಒಣಗಿದ ಮ್ಯಾಲಿನ ಬಣ್ಣ ಹೇಳ್ತೀನಿ.
ಟ್ಯೂಬ್‌ಲೈಟಿನ ಸುಳ್ಳು ನನಗ ತಿಳೀತದ,
ಅದಕ್ಕ ಬಾಗಿಲಿಗಿ ತಂದು ಬಿಸಲಾಗ ಹಿಡೀತೀನಿ.
ಇಪ್ಪತ್ತೊಂದು ವರ್ಷ, ಪ್ರತಿ ಲಾಟಿನದೊಂದು ಚಿಂದಿ,
ಗಂಜಿ ಹಚ್ಚಿ ಅಂಟಿಸಿದ ಪುಸ್ತಕ ಮೂರು ಅದಾವ.
ಇದು ಯಾವ ಖಾನೆದಾಗ ಹೋಗ್ತದ?
ಹುಡುಗ ಬೆರಳಿಲೆ ಪಟ್ಟಿ ಜಾರಿಸಿದ, ಮ್ಯಾಲ, ಕೆಳಗ.
ಟೇಲರಿಂಗ್ ಅದ, ಬ್ಯೂಟಿ ಪಾರ್ಲರ್ ಅದ, ಅಣಬಿ ಬೆಳೆಸೋದದ.
ಹಿಂದಿನಿಂದ ಚಾಂದಬಿ, ಕೆಮ್ಮಿನ ನಡುವ:
"ಕಣ್ಣು ಅಂತ ಬರಿ, ಬೇಟಾ. ಆಕಿಗಿ ಕಣ್ಣು ಬರ್ತಾವ."
ಪಾಳಿ ನಕ್ಕಿತು. ಕಣ್ಣು ಬರೋದಂದ್ರ ಬ್ಯಾನಿ ಅಲ್ಲೇನು.
ಹುಡುಗ ನಗಲಿಲ್ಲ.
ಇತರೆ ಅನ್ನೋದು ಒತ್ತಿ, ಕಣ್ಣು ಅಂತ ಬರದ.

ಆಮ್ಯಾಲ ಗುಂಡಪ್ಪ ಗೇಟಿನ ಮುಂದ ಒಂಬತ್ತು ದಿನ ಕುಂತ.
ನಾವೂ ಕುಂತೆವು, ರೊಟ್ಟಿ ಶೇಂಗಾ ಹಿಂಡಿ ಕಟಗೊಂಡು.
ಕೇಳಿದ್ದು ಹಳೇ ಮಷೀನಲ್ಲ.
ಬಂದ್ ಆದ ತಿಂಗಳಿನ ಪಗಾರ,
ಹೊಸಾದು ಕಲಿಯೋ ದಿನದ ಕೂಲಿ,
ಎದಿಯ ದವಾಖಾನಿ ಖರ್ಚು,
ನೀರು ನೋಡೋ ಕೆಲಸ ನಮ್ಮವರಿಗೇ ಅಂತ.
ಮೂರು ಸಿಕ್ಕವು, ಒಂದು ಅರ್ಧ ಸಿಕ್ಕಿತು.
ಯಾವುದು ಅರ್ಧ ಅಂತ ಚಾಂದಬಿ ಕೆಮ್ಮು ಹೇಳ್ತದ.

ಈಗ ನನ್ನ ನೌಕರಿ ಹಳ್ಳದ ದಂಡಿಗಿ.
ದಿನಾ ಮುಂಜಾನೆ ಒಂದು ಗೇಣು ಕೋರಾ ಬಟ್ಟಿ
ನೀರಿಗಿ ಬಿಟ್ಟು ನೂರು ಎಣಿಸ್ತೀನಿ,
ಹಿಂಡಿ ಬಿಸಲಿಗಿ ಹಿಡಿದು, ನಾಕನೇ ಪುಸ್ತಕಕ್ಕ ಅಂಟಿಸ್ತೀನಿ.
ಕಣ್ಣಿಗಿ ಕಾಣದ್ದು ಸೀಸೆದಾಗ ತುಂಬಿ ಲ್ಯಾಬಿಗಿ ಕಳಸ್ತೀನಿ,
ಅಲ್ಲಿ ತಿಪ್ಪವ್ವನ ಮಗಳು ಕುಂದರ್ತಾಳ.
ಮೊದಲ ತಿಂಗಳು ಬೂದಿ. ಆಮ್ಯಾಲ ಹಳದಿ ಅನುಮಾನ.
ದೀಪಾವಳಿ ದಾಟಿ ಒಂದು ದಿನ
ತಳದ ಪರಸಿ ಕಲ್ಲು ಕಂಡಿತು, ಅದರ ಮ್ಯಾಲ
ಯಾರೋ ಕಳಕೊಂಡ ಚಮಚ.
ಚಮಚ ನೋಡಿ ನಾ ಯಾಕ ಅತ್ತೆನೋ.

ಮೊನ್ನೆ ಸಾಹೇಬ್ರು ಬಂದು ಪುಸ್ತಕ ತಿರುವಿದರು.
"ಏನಮ್ಮಾ, ಇಲ್ಲಿ ಏನೂ ಇಲ್ಲಲ್ಲ, ಬರೇ ಕೋರಾ."
ಹೌದ್ರಿ ಅಂದೆ, ಫೋಟೋ ಹೊಡಕೋರಿ.
ಹೊಡಕೊಂಡರು, ನನ್ನನ್ನ ಬಿಟ್ಟು ಹಾಳಿ ಅಷ್ಟೇ.

ಬೋರಿನ ನೀರು ಇನ್ನೂ ಹಾಂಗೇ ಅದ.
ಮಣ್ಣಿಗಿ ಮರೆಯೋಕ ವ್ಯಾಳ್ಯಾ ಬೇಕು.
ಬ್ಯಾಳಿ ಒಲಿ ಮ್ಯಾಲಿಟ್ಟು ಚಾಂದಬಿ ಮನಿಗಿ ಹೋಗಿ,
ಆಕಿಗಿ ಔಷಧಿ ಕುಡಿಸಿ, ಜಗಳಾಡಿ ಬರ್ತೀನಿ.
ಬರೋತನ ಬೆಂದಿರೋದಿಲ್ಲ, ಗೊತ್ತದ.
ಆದ್ರೂ ಮುಚ್ಚಳ ತಗದು
ಒಂದು ಕಾಳು ಹಿಚುಕಿ ನೋಡ್ತೀನಿ.